ಬಸ್ಸು ಹೋಗದಿದ್ದರೆ ಕಾಡು ಉಳಿಯುತ್ತದೆಯೇ?

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಬೆಟ್ಟ ಕಾಡುಗಳ ವಿಚಾರ ಎಲ್ಲಿ ಚರ್ಚೆಗೆ ಬಂದರೂ ಒಂದು ಅಭಿಪ್ರಾಯ ಬಹುಮಟ್ಟಿಗೆ ಒಪ್ಪಿತ ಸತ್ಯದಂತೆ ಕೇಳಿಬರುತ್ತದೆ: ಕಾಡಿನ ಅಂಚಿಗೆ ಸಾರಿಗೆ ಬಸ್ಸು ಸಲೀಸಾಗಿ ಸಿಗುವಂತಾದರೆ ಜನ ಮುಗಿಬೀಳುತ್ತಾರೆ, ಜನ ಮುಗಿಬಿದ್ದರೆ ಕಾಡು ಕೆಡುತ್ತದೆ, ಆದ್ದರಿಂದ ಚಾರಣದ ಹಾದಿಗಳು ಬಸ್ಸಿನಿಂದ ದೂರವಿರುವುದೇ ಕಾಡಿಗೆ ಕ್ಷೇಮ. ಚಾರಣವೆಂದರೆ ಇಲ್ಲಿ ಯಾವ ವ್ಯವಹಾರದ ಅಗತ್ಯವೂ ಇಲ್ಲದೆ, ಕಾಡು ಬೆಟ್ಟಗಳನ್ನು ಕಾಲ್ನಡಿಗೆಯಲ್ಲೇ ಕಂಡು ಬರುವುದು. ಈ ಅಭಿಪ್ರಾಯವನ್ನು ಹೇಳುವವರು ಕಾಡಿನ ಬಗ್ಗೆ ಉದಾಸೀನರಾದವರಲ್ಲ. ಬಹಳಷ್ಟು ಸಲ ಅವರೇ ಕಾಡಿನ ಬಗ್ಗೆ ಹೆಚ್ಚು ಮರುಗುವವರು. ಅವರ ಆತಂಕಕ್ಕೆ ಆಧಾರವೂ ಇದೆ. ಬಸ್ಸು ನೇರವಾಗಿ ತಲುಪುವ ದೇವಸ್ಥಾನದ ಬೆಟ್ಟಗಳ ಬುಡದಲ್ಲಿ ಪ್ಲಾಸ್ಟಿಕ್ ರಾಶಿ ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಹಾದಿಯಲ್ಲಿ ಹೆಜ್ಜೆ ಇಡಲೂ ಜಾಗವಿಲ್ಲದಂತೆ ಚಾರಣಿಗರು ಸಾಲುಗಟ್ಟಿದ ಚಿತ್ರಗಳು ರಾಜ್ಯದಾದ್ಯಂತ ಹರಿದಾಡಿದವು. ಆ ಹಾದಿ ಆರಂಭವಾಗುವ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬೆಂಗಳೂರು, ಮಂಗಳೂರುಗಳಿಂದ ಬಸ್ಸುಗಳಿಗೆ ಕೊರತೆಯಿಲ್ಲ. ಹೀಗಿರುವಾಗ ಸಂಡೂರಿನ ಸ್ವಾಮಿಮಲೆ ಕಾಡಿಗೋ ಹೊಸಪೇಟೆ ಪಕ್ಕದ ಜಂಬುನಾಥನ ಬೆಟ್ಟಕ್ಕೋ ಅದೇ ಗತಿ ಬಾರದಿರಲಿ ಎಂದು ಬಯಸುವುದು ಸಹಜವೇ ಆಗಿದೆ.

ಆದರೆ ಈ ಅಭಿಪ್ರಾಯ ಒಂದೇ ಮಾತಿನಂತೆ ಕಂಡರೂ ಅದರೊಳಗೆ ಮೂರು ಬೇರೆ ಬೇರೆ ನಂಬಿಕೆಗಳು ಹೆಣೆದುಕೊಂಡಿವೆ, ಮತ್ತು ತೀರ್ಮಾನ ನಿಲ್ಲಬೇಕಾದರೆ ಮೂರೂ ನಿಜವಾಗಿರಬೇಕು.

1. ಹೊರಗಿನ ಜನ ಕಾಲಿಡದಿದ್ದರೆ ಕಾಡು ಉಳಿಯುತ್ತದೆ.
2. ಬಸ್ಸಿಲ್ಲದಿದ್ದರೆ ಜನ ಬರುವುದಿಲ್ಲ.
3. ಬಸ್ಸಿನಲ್ಲಿ ಬರುವವರಿಂದಾಗುವ ಹಾನಿಯು ಸ್ವಂತ ವಾಹನದಲ್ಲಿ ಬರುವವರಿಂದಾಗುವ ಹಾನಿಗಿಂತ ಹೆಚ್ಚು, ಅಥವಾ ಕನಿಷ್ಠ ಅಷ್ಟೇ.

ಮೊದಲನೆಯದನ್ನು ಪರೀಕ್ಷಿಸಲು ಸಂಡೂರಿಗಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಮತ್ತೊಂದಿಲ್ಲ. ಕಬ್ಬಿಣದ ಅದಿರಿನ ಬೆಟ್ಟಸಾಲುಗಳ ನಡುವೆ ಇರುವ ಸಂಡೂರು ಕಣಿವೆ, ಅದರ ದಂಡೆಯ ಸ್ವಾಮಿಮಲೆಯ ಕಾಡು, ಪ್ರಾಚೀನವಾದ ಪಾರ್ವತಿ ಮತ್ತು ಕುಮಾರಸ್ವಾಮಿ ದೇವಾಲಯಗಳು, ಒಂದು ಕಾಲಕ್ಕೆ ಬ್ರಿಟಿಷರು ಬಳ್ಳಾರಿಯ ಬಿಸಿಲಿನಿಂದ ತಪ್ಪಿಸಿಕೊಂಡು ಆರೋಗ್ಯಧಾಮ ಮಾಡಿಕೊಂಡಿದ್ದ ರಾಮಗಡ, ನಾರಿಹಳ್ಳವು ಬೆಟ್ಟವನ್ನೇ ಸೀಳಿಕೊಂಡು ಹೊರಬೀಳುವ ಗಂಡಿಗಳು, ಇವೆಲ್ಲ ಹಂಪಿಯಿಂದ ಅರ್ಧ ದಿನದ ಅಂತರದಲ್ಲೇ ಇದ್ದರೂ ನಾಡಿನ ಬಹುಪಾಲು ಓದುಗರಿಗೆ ಅಪರಿಚಿತವಾಗಿ ಉಳಿದವು. ಹಂಪಿಗೆ ಬಂದ ಪ್ರವಾಸಿಗರಲ್ಲಿ ಬಹುತೇಕರು ಸಂಡೂರಿನತ್ತ ತಿರುಗಿಯೂ ನೋಡಲಿಲ್ಲ. ಮೇಲಿನ ನಂಬಿಕೆ ನಿಜವಾಗಿದ್ದರೆ ಈ ಬೆಟ್ಟಗಳು ಅತ್ಯಂತ ಸುರಕ್ಷಿತವಾಗಿರಬೇಕಿತ್ತು. ನಡೆದದ್ದು ಅದಕ್ಕೆ ತದ್ವಿರುದ್ಧ. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ್ದೇ ತಡ, ಬೆಟ್ಟದ ನೆತ್ತಿಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿದವು, ಹಳ್ಳಗಳ ನೀರು ಕೆಂಪಾಯಿತು, ರಸ್ತೆ ಬದಿಯ ಬೆಳೆಗಳ ಮೇಲೆ ಅದಿರಿನ ಧೂಳು ಕೂತಿತು. ಲೋಕಾಯುಕ್ತರ ವರದಿಗಳು ಬಂದು, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಬೀಳುವವರೆಗೂ ಅದು ನಿಲ್ಲಲಿಲ್ಲ. ಯಾವ ಗಣಿ ಉಳಿಯಬೇಕು, ಯಾವುದು ರದ್ದಾಗಬೇಕು ಎಂಬ ವಿಂಗಡಣೆಯ ಅಂತಿಮ ತೀರ್ಪು ಬಂದದ್ದು 2013ರ ಏಪ್ರಿಲ್‌ನಲ್ಲಿ. ಚಾರಣಿಗರಿಗೆ ಇಲ್ಲದ ಹಾದಿ ಲಾರಿಗಳಿಗಿತ್ತು. ಇದರಿಂದ ಚಾರಣಿಗರು ಓಡಾಡಿದ್ದರೆ ಬೆಟ್ಟ ಉಳಿಯುತ್ತಿತ್ತೆಂದು ಸಾಧಿಸಿದಂತಾಗುವುದಿಲ್ಲ. ನೋಡುವ ಕಣ್ಣುಗಳು ಹೆಚ್ಚಿದ ಮಾತ್ರಕ್ಕೆ ದುಡ್ಡಿನ ಬಲ ತಗ್ಗುವುದಿಲ್ಲ, ಮತ್ತು ಸ್ಥಳೀಯರು ಮೊದಲಿನಿಂದಲೂ ಕಂಡದ್ದನ್ನು ಹೇಳುತ್ತಲೇ ಇದ್ದರು. ಆದರೆ ಜನ ಬಾರದಿರುವುದೇ ರಕ್ಷಣೆ ಎಂಬ ಮಾತು ಸಂಡೂರಿನಲ್ಲಿ ಸುಳ್ಳಾಯಿತು ಎಂಬುದಂತೂ ಖಚಿತ. ಜೊತೆಗೆ ಇನ್ನೊಂದನ್ನೂ ಹೇಳಬೇಕು: ಒಂದು ಬೆಟ್ಟದ ಮೇಲೆ ತಾವೇ ನಡೆದಾಡಿದವರು ದೂರದ ಊರುಗಳಲ್ಲಿ ಸಾವಿರಾರು ಮಂದಿ ಇದ್ದಾರೆಂದರೆ, ಆ ಬೆಟ್ಟದ ಬಗ್ಗೆ ಬರುವ ಸುದ್ದಿ ಅವರಿಗೆ ಅಂಕಿ ಅಂಶವಾಗಿ ಉಳಿಯದೆ ಪರಿಚಿತ ನೆಲದ ಸುದ್ದಿಯಾಗುತ್ತದೆ. ಸಂಡೂರಿಗೆ ಅಂಥ ಪರಿಚಿತರ ಬಳಗ ರಾಜ್ಯದಲ್ಲಿ ತೀರಾ ಚಿಕ್ಕದಾಗಿತ್ತು.

ಎರಡನೆಯ ನಂಬಿಕೆಗೆ ಕುಮಾರ ಪರ್ವತದ ಉದಾಹರಣೆಯೇ ದೊಡ್ಡ ಆಸರೆಯಾದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಅಲ್ಲಿ ಬಸ್ಸೂ ಇತ್ತು, ನೂಕುನುಗ್ಗಲೂ ಆಯಿತು. ಎರಡೂ ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೇ ಎಂದು ತಿಳಿಯಬೇಕಾದರೆ ಬಸ್ಸಿಲ್ಲದ ಬೆಟ್ಟಗಳಲ್ಲಿ ಏನಾಗುತ್ತದೆಂದು ನೋಡಬೇಕು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಬಹುಪಾಲು ಜನ ಹೋಗುವುದು ಕಾರು, ಜೀಪು, ಬೈಕುಗಳಲ್ಲಿ. ಅಲ್ಲಿ ವಾರಾಂತ್ಯದ ದಟ್ಟಣೆ ಎಷ್ಟಾಯಿತೆಂದರೆ ವಾಹನಗಳಿಗೆ ಮುಂಗಡ ನೋಂದಣಿ ಕಡ್ಡಾಯ ಮಾಡಿ, ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗೆ ಇಂತಿಷ್ಟೇ ಎಂದು 2025ರಲ್ಲಿ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಅಂದರೆ ಬಸ್ಸಿದ್ದಲ್ಲಿಯೂ ನೂಕುನುಗ್ಗಲಾಯಿತು, ಬಸ್ಸನ್ನು ನೆಚ್ಚದ ಕಡೆಯೂ ಆಯಿತು. ಎರಡೂ ಕಡೆ ಸಮಾನವಾಗಿದ್ದ ಕೊರತೆ ಒಂದೇ, ದಿನಕ್ಕೆ ಎಷ್ಟು ಜನ ಎಂಬ ಮಿತಿ ಇಲ್ಲದಿದ್ದದ್ದು. ಕುಮಾರ ಪರ್ವತದ ಘಟನೆಯ ನಂತರ ಅರಣ್ಯ ಇಲಾಖೆ ಮುಂಗಡ ಕಾಯ್ದಿರಿಸುವಿಕೆ ಇಲ್ಲದ ಹಾದಿಗಳನ್ನು ಮುಚ್ಚಿ, ಬಳಿಕ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯಿಟ್ಟು ತೆರೆಯಿತು. ಈ ಕ್ರಮದ ಒಳಗಿನ ತರ್ಕವನ್ನು ಗಮನಿಸಬೇಕು: ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸುಗಳನ್ನು ಯಾರೂ ಕಡಿಮೆ ಮಾಡಲಿಲ್ಲ, ಬಾಗಿಲಲ್ಲಿ ಎಣಿಕೆ ಶುರುವಾಯಿತು. ಮಿತಿಯು ಜನರ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ಬಸ್ಸಿನ ಅಭಾವವು ಸಂಖ್ಯೆಯನ್ನು ಕಡಿಮೆ ಮಾಡುವುದಕ್ಕಿಂತ ಹೆಚ್ಚಾಗಿ ಯಾರು ಬರಬಹುದೆಂಬುದನ್ನು ಬದಲಿಸುತ್ತದೆ. ಬೆಂಗಳೂರಿನಿಂದ ಕಾರಿನಲ್ಲಿ ಬರುವವನಿಗೆ ಅದು ಅಡ್ಡಿಯೇ ಅಲ್ಲ. ಅಡ್ಡಿಯಾಗುವುದು ಹೊಸಪೇಟೆಯ ಕಾಲೇಜು ಹುಡುಗಿಗೆ, ಕಂಪ್ಲಿಯ ಪ್ರಾಥಮಿಕ ಶಾಲೆಯ ಮೇಷ್ಟರಿಗೆ, ತೋರಣಗಲ್ಲಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನಿಗೆ.

ಈ ಅಡ್ಡಿಯ ಸ್ವರೂಪ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಇನ್ನಷ್ಟು ನಿಚ್ಚಳವಾಗಿದೆ. ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಪ್ರಯಾಣ ಉಚಿತವಾದ್ದರಿಂದ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಹೊಸಪೇಟೆ ನಿಲ್ದಾಣದಲ್ಲಿ ಬಸ್ಸು ಹತ್ತುವ ಹೆಂಗಸು ಶೂನ್ಯ ಟಿಕೆಟ್ ಹಿಡಿದು ಸಂಡೂರಿನ ನಿಲ್ದಾಣದವರೆಗೆ ಒಂದು ಪೈಸೆ ಖರ್ಚಿಲ್ಲದೆ ತಲುಪುತ್ತಾಳೆ. ಅಲ್ಲಿಂದ ಬೆಟ್ಟದ ಬುಡಕ್ಕಿರುವ ಕೆಲವೇ ಕಿ.ಮೀ. ದೂರ, ಆಟೋದವನ ಬಾಯಿಗೆ ಬಂದ ಬಾಡಿಗೆ, ಸಂಜೆ ಅದೇ ಆಟೋ ಮರಳಿ ಬಂದೀತೆಂಬ ಖಾತ್ರಿಯಿಲ್ಲದಿರುವುದು, ಇವು ಅವಳನ್ನು ನಿಲ್ಲಿಸುತ್ತವೆ. ಮೂವತ್ತು ಕಿ.ಮೀ. ಪ್ರಯಾಣವನ್ನು ನಾಡಿನ ತೆರಿಗೆ ಹಣ ಭರಿಸಿರುವಾಗ ಕೊನೆಯ ನಾಲ್ಕಾರು ಕಿ.ಮೀ.ಗಳ ಕಾರಣಕ್ಕೆ ಇಡೀ ನಡಿಗೆ ಅಸಾಧ್ಯವಾಗುವುದನ್ನು ಅರಣ್ಯ ಸಂರಕ್ಷಣೆ ಎಂದು ಕರೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮೂರನೆಯ ನಂಬಿಕೆ ಜನರ ಎಣಿಕೆಯನ್ನೂ ವಾಹನಗಳ ಎಣಿಕೆಯನ್ನೂ ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದ್ದು. ಐವತ್ತು ಜನ ಒಂದು ಬಸ್ಸಿನಲ್ಲಿ ಬರಬಹುದು, ಅಥವಾ ತಲಾ ನಾಲ್ವರಂತೆ ಹನ್ನೆರಡು ಹದಿಮೂರು ಕಾರುಗಳಲ್ಲಿ ಬರಬಹುದು. ಹಾದಿಯ ಮೇಲೆ ಬೀಳುವ ಹೆಜ್ಜೆಗಳು ಎರಡರಲ್ಲೂ ಒಂದೇ. ಆದರೆ ಕಾರುಗಳು ದಿನವಿಡೀ ನಿಲ್ಲಲು ನೆಲ ಬೇಕು, ಕಾಡಿನಂಚಿನ ಆ ನೆಲವನ್ನು ಸಮಮಾಡಿ ಜಲ್ಲಿ ಹಾಕಬೇಕು, ರಸ್ತೆ ಅಗಲಿಸಬೇಕು. ಬಸ್ಸು ಇಳಿಸಿ ಹೊರಟುಹೋಗುತ್ತದೆ. ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬುಡದಲ್ಲೇ ತಡೆದು, ಅಲ್ಲಿಂದ ಮೇಲಕ್ಕೆ ಸರ್ಕಾರಿ ಸಾರಿಗೆ ಬಸ್ಸಿನಲ್ಲೇ ಭಕ್ತರನ್ನು ಒಯ್ಯುವ ವ್ಯವಸ್ಥೆ ಇದೆ. ಅದೇ ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದ್ದರೂ ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ದಾರಿ ಬಿಟ್ಟಿದ್ದಾರೆ. ಹುಲಿ ಕಾಡಿನ ರಕ್ಷಣೆಯೇ ಕಸುಬಾದವರು ಬಸ್ಸನ್ನು ಕಾಡಿನ ಶತ್ರುವೆಂದು ಬಗೆಯದೆ ತಮ್ಮ ಸಾಧನವಾಗಿ ಬಳಸಿಕೊಂಡಿದ್ದಾರೆ. ಹಂಪಿಯಲ್ಲೇ ಗೆಜ್ಜಲ ಮಂಟಪದ ಬಳಿ ಎಲ್ಲ ವಾಹನಗಳನ್ನು ನಿಲ್ಲಿಸಿ, ಅಲ್ಲಿಂದ ವಿಜಯ ವಿಠ್ಠಲ ದೇವಾಲಯದವರೆಗೆ ನಡೆದೋ ಬ್ಯಾಟರಿ ವಾಹನದಲ್ಲೋ ಹೋಗುವಂತೆ ಮಾಡಿರುವುದೂ ಇದೇ ತತ್ವದ ಮೇಲೆ. ಜರ್ಮನಿಯ ಬವೇರಿಯನ್ ಕಾಡು ಎಂಬ ರಾಷ್ಟ್ರೀಯ ಉದ್ಯಾನ, 1970ರಲ್ಲಿ ಸ್ಥಾಪನೆಯಾದ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ, 1990ರ ದಶಕದಿಂದ ಇದನ್ನೇ ಇನ್ನೂ ವ್ಯವಸ್ಥಿತವಾಗಿ ನಡೆಸಿಕೊಂಡು ಬಂದಿದೆ: ರಾಖೆಲ್, ಲೂಸೆನ್ ಎಂಬ ಎರಡು ಮುಖ್ಯ ಶಿಖರಗಳ ಬುಡಕ್ಕೆ ಹೋಗುವ ರಸ್ತೆಗಳನ್ನು ಬೇಸಿಗೆಯಲ್ಲಿ ಖಾಸಗಿ ಕಾರುಗಳಿಗೆ ಮುಚ್ಚಿ, ‘ಇಗೆಲ್‌ಬುಸ್’ ಎಂಬ ಹೆಸರಿನ ಬಸ್ಸುಗಳನ್ನು ಓಡಿಸಲಾಗುತ್ತದೆ. ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಹಳ್ಳಿಗಳಲ್ಲಿ ತಂಗುವ ಅತಿಥಿ ಕಟ್ಟುವ ತಂಗುದಾಣದ ತೆರಿಗೆಯ ಒಂದು ಪಾಲು ಸ್ಥಳೀಯ ಸಾರಿಗೆಗೆ ಸಲ್ಲುವುದರಿಂದ, ಅವನ ಕೈಗೆ ಸಿಗುವ ಅತಿಥಿ ಚೀಟಿಯೇ ಆ ಸೀಮೆಯ ಬಸ್ಸು ರೈಲುಗಳಿಗೆ ಟಿಕೆಟ್ಟೂ ಆಗುತ್ತದೆ.

ಬಸ್ಸಿನ ಬಗ್ಗೆ ಇಷ್ಟು ಹೇಳಿದರೆ ಅದು ಕಾರಿಗಿಂತ ಕಡಿಮೆ ಕೆಟ್ಟದ್ದು ಎಂದು ಹೇಳಿದಂತಾಯಿತೇ ಹೊರತು ಅದರ ಗುಣವನ್ನು ಹೇಳಿದಂತಾಗಲಿಲ್ಲ. ನಡೆಯುವವನಿಗೆ ಬಸ್ಸು ಕೊಡುವ ಸ್ವಾತಂತ್ರ್ಯವೊಂದಿದೆ, ಅದನ್ನು ಕಾರು ಕೊಡಲಾರದು: ಕಾರು ನಿಲ್ಲಿಸಿದವನು ಕಾರಿದ್ದಲ್ಲಿಗೇ ಮರಳಬೇಕು, ಬಸ್ಸಿಳಿದವನು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರಬಹುದು. ಹಂಪಿಯ ನಡಿಗೆಯನ್ನೇ ತೆಗೆದುಕೊಂಡರೆ, ಹೊಸಪೇಟೆಯಿಂದ ದಿನವಿಡೀ ಓಡುವ ಬಸ್ಸಿನಲ್ಲಿ ಬಂದು ವಿರೂಪಾಕ್ಷನ ತೇರುಬೀದಿಯಲ್ಲಿ ಇಳಿದವರು ಎದುರು ಬಸವಣ್ಣನವರೆಗೆ ನಡೆದು, ಬಂಡೆಗಳ ನಡುವೆ ನದಿಯ ಮಗ್ಗುಲಿಗಿಳಿದು, ಚಕ್ರತೀರ್ಥದ ಕೋದಂಡರಾಮನನ್ನು ದಾಟಿ, ಸುಗ್ರೀವ ಗುಹೆ, ರಾಯರ ತುಲಾಭಾರದ ಕಲ್ಲುಕಮಾನು, ವಿಠ್ಠಲ ದೇವಾಲಯ, ತಳವಾರಘಟ್ಟದ ಹೆಬ್ಬಾಗಿಲುಗಳನ್ನು ಕಂಡು, ಕೊನೆಗೆ ಮಾಲ್ಯವಂತ ರಘುನಾಥನ ಬೆಟ್ಟ ಹತ್ತಿಳಿದರೆ ಕಮಲಾಪುರ–ಕಂಪ್ಲಿ ರಸ್ತೆ ಸಿಗುತ್ತದೆ. ಅಲ್ಲಿ ಕಂಪ್ಲಿಯಿಂದ ಬರುವ ಬಸ್ಸಿಗೆ ಕೈ ಮಾಡಿದರೆ ಸಂಜೆಯೊಳಗೆ ಹೊಸಪೇಟೆ. ಕಾರಿನಲ್ಲಿ ಬಂದವರು ಇದೇ ಹಾದಿಯನ್ನು ಅರ್ಧಕ್ಕೆ ಕಡಿದು ಹಿಂದಿರುಗಬೇಕು, ಇಲ್ಲವೇ ಪ್ರತಿ ಸ್ಮಾರಕಕ್ಕೂ ವಾಹನ ಬಿಡುವಷ್ಟು ದೂರ ಕಾರು ಒಯ್ಯಬೇಕು; ಹಂಪಿಯಲ್ಲಿ ಬಹುತೇಕ ಆಗುವುದು ಎರಡನೆಯದೇ. ನದಿ ದಂಡೆಯ ಆ ಹಾದಿಯ ಸೊಬಗನ್ನು ಕಾಣದೆ ವಿಠ್ಠಲ ದೇವಾಲಯ ನೋಡಿ ಹೋಗುವವರೇ ಇಂದು ಹೆಚ್ಚು, ಮತ್ತು ಇದು ನಿಜಕ್ಕೂ ಬೇಸರದ ಸಂಗತಿ.

ಸಾರಿಗೆಯ ಕಡೆಯಿಂದ ಬರುವ ಆಕ್ಷೇಪ ಆ ಮೂರು ನಂಬಿಕೆಗಳಿಗಿಂತ ಗಟ್ಟಿಯಾದದ್ದು: ಹಳ್ಳಿಯ ಬಸ್ಸುಗಳು ಈಗಾಗಲೇ ಕಿಕ್ಕಿರಿದಿವೆ, ಶಾಲಾ ಮಕ್ಕಳು ಬಾಗಿಲಲ್ಲಿ ಜೋತುಬಿದ್ದು ಹೋಗುತ್ತಿದ್ದಾರೆ, ಇಂಥದರಲ್ಲಿ ವಿಹಾರಕ್ಕೆ ಹೊರಟವರಿಗೆ ಸೀಟು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಹಳ್ಳಿ ಬಸ್ಸಿನ ದಿನಚರಿಯಲ್ಲೇ ಇದೆ. ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು ಎಂದು ಕರೆಯುವ, ರಾತ್ರಿ ಹಳ್ಳಿಯಲ್ಲೇ ತಂಗುವ ಬಸ್ಸು ಮುಂಜಾನೆ ಅಲ್ಲಿಂದ ಹಾಲಿನ ಕ್ಯಾನು, ತರಕಾರಿ ಗಂಟು, ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೊರಟವರನ್ನು ತುಂಬಿಕೊಂಡು ಪಟ್ಟಣಕ್ಕೆ ಬರುತ್ತದೆ. ಸಂಜೆ ಅದೇ ಜನರನ್ನು ಹೊತ್ತು ಹಳ್ಳಿಗೆ ಮರಳುತ್ತದೆ. ನೂಕಾಟವೆಲ್ಲ ಬೆಳಿಗ್ಗೆ ಪಟ್ಟಣದ ದಿಕ್ಕಿಗೆ, ಸಂಜೆ ಹಳ್ಳಿಯ ದಿಕ್ಕಿಗೆ. ಕಾಡಿಗೆ ಹೊರಟವರ ದಿಕ್ಕು ಇದಕ್ಕೆ ನೇರ ವಿರುದ್ಧ. ಬೆಳಿಗ್ಗೆ ಪಟ್ಟಣದಿಂದ ಹಳ್ಳಿಯತ್ತ ಸೀಟುಗಳು ಖಾಲಿಯಿರುವ ಬಸ್ಸಿನಲ್ಲಿ ಅವರು ಹೋಗುತ್ತಾರೆ, ಸಂಜೆ ಹಳ್ಳಿಯಿಂದ ಖಾಲಿ ಬರುವ ಬಸ್ಸಿನಲ್ಲಿ ಮರಳುತ್ತಾರೆ. ಭಾನುವಾರ ಶಾಲೆ ಕಚೇರಿಗಳಿಗೆ ರಜೆಯಾದ್ದರಿಂದ ಅವಕಾಶ ಇನ್ನೂ ಹೆಚ್ಚು. ಆದ್ದರಿಂದ ಈ ವಾದಕ್ಕೆ ಹೊಸ ಬಸ್ಸುಗಳ ಪಟ್ಟಿ ಬೇಕಾಗಿಲ್ಲ. ಬೇಕಾದದ್ದು ಹೆಚ್ಚಿನ ಕಡೆ ಎರಡೇ: ಹಾದಿ ಶುರುವಾಗುವಲ್ಲಿ ಕೋರಿಕೆ ನಿಲುಗಡೆ, ಅಂದರೆ ಪ್ರಯಾಣಿಕರು ಕೇಳಿದಾಗ ಮಾತ್ರ ಬಸ್ಸು ನಿಲ್ಲುವ ತಾಣವೊಂದು, ಮತ್ತು ಅಲ್ಲಿಂದ ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಬರೆದ ಹಲಗೆ. ಹೋಗುವ ಬಸ್ಸು ಹೇಗೋ ಗೊತ್ತಾಗುತ್ತದೆ; ಮರಳುವ ಬಸ್ಸಿನ ವೇಳೆ ಕಂಡಕ್ಟರ್‌ಗೂ ಊರಿನ ಚಹಾದಂಗಡಿಯವರಿಗೂ ಮಾತ್ರ ಗೊತ್ತಿರುತ್ತದೆ. ಬೈಕು ಬಾಡಿಗೆಗೆ ಹಿಡಿಯುವ ಎಷ್ಟೋ ಜನರನ್ನು ಆ ಕಡೆಗೆ ತಳ್ಳುವುದು ದೂರಕ್ಕಿಂತ ಹೆಚ್ಚಾಗಿ ಈ ಅನಿಶ್ಚಿತತೆ.

ಕಾಡುಪ್ರಾಣಿ ಮತ್ತು ಕಾನೂನಿನ ಆಕ್ಷೇಪವನ್ನು ಬೇರೆಯಾಗಿಯೇ ತೂಗಬೇಕು, ಏಕೆಂದರೆ ಜರ್ಮನಿಯ ಹೋಲಿಕೆ ಇಲ್ಲಿಗೆ ಮುರಿದುಬೀಳುತ್ತದೆ. 1975ರ ಅಲ್ಲಿನ ಅರಣ್ಯ ಕಾನೂನು ವಿಹಾರಕ್ಕಾಗಿ ಕಾಡನ್ನು ಪ್ರವೇಶಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಕರ್ನಾಟಕದಲ್ಲಿ 1963ರ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಪ್ರಕಾರ ಕಾಯ್ದಿಟ್ಟ ಅರಣ್ಯಕ್ಕೂ ಅಭಯಾರಣ್ಯಕ್ಕೂ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಮತ್ತು ಈ ಸೀಮೆಯಲ್ಲಿ ಆ ನಿರ್ಬಂಧಕ್ಕೆ ಬಲವಾದ ಕಾರಣವಿದೆ. ಕಮಲಾಪುರದಿಂದ ಆಚೆ ಬಿಳಿಕಲ್ಲು ಗುಡ್ಡಗಳಲ್ಲಿ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಬಂಡೆಗಳ ಸಂದಿಯಲ್ಲಿ ಹಗಲು ಕಳೆದು ಸಂಜೆ ಹೊರಬರುವ ಕರಡಿ, ಹಠಾತ್ತನೆ ಎದುರಾದ ಮನುಷ್ಯನ ಮೇಲೆ ಎರಗುವುದರಲ್ಲಿ ಹಿಂದೆಮುಂದೆ ನೋಡುವುದಿಲ್ಲ. ಚಿರತೆಯೂ ಈ ಗುಡ್ಡಗಳ ನಿವಾಸಿಯೇ. ಆದ್ದರಿಂದ ಕರಡಿಧಾಮದೊಳಗೆ ಕಾಲ್ನಡಿಗೆಯ ಹಾದಿ ಬೇಕೆಂದು ಈ ವಾದ ಹೇಳುವುದಿಲ್ಲ, ಹೇಳಲೂಬಾರದು. ಹಂಪಿಯ ಸ್ಮಾರಕ ಬೆಟ್ಟಗಳು, ಅನುಮತಿ ಪಡೆದು ಹೋಗಬಹುದಾದ ಸಂಡೂರಿನಂಥ ಕಾಯ್ದಿಟ್ಟ ಅರಣ್ಯ, ನಡೆದು ಹೋಗಲೇಬಾರದ ಅಭಯಾರಣ್ಯ ಎಂಬ ಮೂರು ಬಗೆಯ ನೆಲವನ್ನು ಒಂದೇ ಮಾತಿನಲ್ಲಿ ಕಾಡು ಎಂದುಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಉಳಿದೆರಡರಲ್ಲಿ ಕರಡಿಯ ಭಯಕ್ಕೆ ಬಸ್ಸೇ ಒಂದಿಷ್ಟು ಮದ್ದು. ಸ್ವಂತ ವಾಹನ ಇದ್ದವರು ಸೂರ್ಯೋದಯ ನೋಡಲು ನಸುಕಿನ ಕತ್ತಲಲ್ಲೂ ಸೂರ್ಯಾಸ್ತ ಮುಗಿಸಿ ಮುಸ್ಸಂಜೆಯಲ್ಲೂ ಬಂಡೆಗಳ ನಡುವೆ ಅಲೆಯುತ್ತಾರೆ, ಅದು ಕರಡಿ ಓಡಾಡುವ ಹೊತ್ತು. ಕೊನೆಯ ಬಸ್ಸು ಹಿಡಿಯಬೇಕಾದವರು ಹೊತ್ತಿರುವಾಗಲೇ ರಸ್ತೆಗೆ ಇಳಿದಿರುತ್ತಾರೆ. ಮೊದಲ ಬಸ್ಸಿನಲ್ಲಿ ಬಂದರೂ ಬಿಸಿಲೇರಿರುತ್ತದೆಯಲ್ಲ ಎಂಬ ಮರುಪ್ರಶ್ನೆ ಸರಿಯಾದದ್ದೇ; ಕಲ್ಲು ಕಾದು ಕೆಂಡವಾಗುವ ಮಾರ್ಚ್‌ನಿಂದ ಮೇವರೆಗೆ ಈ ಸೀಮೆ ಹಗಲು ನಡಿಗೆಗೆ ತಕ್ಕದ್ದಲ್ಲ, ಮತ್ತು ಯಾವ ಬಸ್ಸೂ ಅದನ್ನು ಬದಲಿಸದು. ಮುಂಗಾರಿನ ನಂತರ ಸಂಡೂರಿನ ಬೆಟ್ಟಗಳು ಹಸಿರಾದಾಗಿನಿಂದ ಫೆಬ್ರವರಿಯವರೆಗಿನ ತಿಂಗಳುಗಳಿಗೆ ಮಾತ್ರ ಈ ವಾದ ಅನ್ವಯಿಸುತ್ತದೆ.

ಸುಮ್ಮನೆ ನಡೆಯುವುದು ನಮ್ಮ ಜನರ ಪದ್ಧತಿಯಲ್ಲ ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಆನೆಗೊಂದಿ ಬದಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುವವರಲ್ಲಿ ಬಸ್ಸಿಳಿದು ಬಂದ ವಯಸ್ಸಾದ ಹೆಂಗಸರನ್ನು ನೋಡಿದವರಿಗೆ ಆ ಸಂಶಯ ಉಳಿಯದು. ಭಕ್ತಿಗಾಗಿ ಬೆಟ್ಟ ಹತ್ತುವವರೆಲ್ಲ ದಾರಿಯುದ್ದಕ್ಕೂ ಗಾಳಿ, ನೆರಳು, ನೋಟಗಳನ್ನೂ ಸವಿಯುತ್ತಲೇ ಹತ್ತುತ್ತಾರೆ.

ಕೊನೆಗೆ ಉಳಿಯುವುದು ಆರಂಭದಲ್ಲಿ ಹೇಳಿದ ಆತಂಕದ ಅತಿ ಗಟ್ಟಿಯಾದ ಭಾಗ: ಬಸ್ಸು ನಿಂತಲ್ಲಿ ಅಂಗಡಿ ಹುಟ್ಟುತ್ತದೆ, ಅಂಗಡಿ ಹುಟ್ಟಿದಲ್ಲಿ ಊರು ಬೆಳೆಯುತ್ತದೆ, ಬೆಳೆದದ್ದನ್ನು ಆಮೇಲೆ ಕೀಳುವಾಗ ಬಡವರೇ ಬೀದಿಗೆ ಬೀಳುತ್ತಾರೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ದಶಕಗಳಿಂದ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಿದ್ದು, ನದಿಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ನೆಲಸಮ ಮಾಡಿದ್ದು ಈ ಸೀಮೆಯ ನೆನಪಿನಲ್ಲಿ ಇನ್ನೂ ಹಸಿಯಾಗಿವೆ. ಗಡ್ಡೆಯ ರೆಸಾರ್ಟುಗಳು ಬಸ್ಸು ನಿಲ್ದಾಣದ ಸುತ್ತ ಬೆಳೆದವಲ್ಲ, ಅಲ್ಲಿಗೆ ಜನ ದೋಣಿಯಲ್ಲಿ ನದಿ ದಾಟಿಯೂ ಹೋದರು ಎಂಬುದು ನಿಜವಾದರೂ, ಅದರಿಂದ ಆಕ್ಷೇಪ ಪೂರ್ತಿ ಬಿದ್ದುಹೋಗುವುದಿಲ್ಲ. ಕಾಡಿನ ಬಾಯಿಯಲ್ಲೇ ಬಸ್ಸು ತಿರುಗುವ ಜಾಗ ಮಾಡಿದರೆ ಆತಂಕಪಡುವವರೇ ಸರಿ, ಅಲ್ಲಿ ಮೊದಲು ತಳ್ಳುಗಾಡಿ, ಬಳಿಕ ತಗಡಿನ ಶೆಡ್ಡು, ಬಳಿಕ ಹೋಟೆಲು ಬಂದೇ ಬರುತ್ತದೆ. ಆದ್ದರಿಂದ ನಿಲುಗಡೆಯು ಕಾಡಿನ ಬಾಯಿಗೆ ಬರಬೇಕೆಂಬ ಆಸೆಯನ್ನು ಚಾರಣಿಗರೇ ಬಿಡಬೇಕು. ಬಸ್ಸು ಈಗ ನಿಲ್ಲುವ ಊರಿನಲ್ಲೇ, ಕಮಲಾಪುರದಲ್ಲೋ ಕಡ್ಡಿರಾಂಪುರದಲ್ಲೋ ನಾರಿಹಳ್ಳ ಜಲಾಶಯದ ಪಕ್ಕದ ತಾರಾನಗರದಲ್ಲೋ, ಇಳಿದು ಹೊಲಗಳ ನಡುವಿನ ಬಂಡಿದಾರಿಯಲ್ಲಿ ಎರಡು ಮೂರು ಕಿ.ಮೀ. ನಡೆದು ಕಾಡು ಮುಟ್ಟುವಂತಿದ್ದರೆ, ಚಹಾದಂಗಡಿ, ಮಿರ್ಚಿ ಮಂಡಕ್ಕಿ, ನೀರಿನ ಬಾಟಲಿ, ಕಸದ ತೊಟ್ಟಿ ಎಲ್ಲವೂ ಪಂಚಾಯಿತಿಯ ಕಣ್ಣಳತೆಯಲ್ಲಿ ಊರೊಳಗೇ ಉಳಿಯುತ್ತವೆ, ದುಡಿಮೆ ಅಲ್ಲಿ ವಾಸವಿರುವವರಿಗೇ ಸೇರುತ್ತದೆ. ಕೋರಿಕೆ ನಿಲುಗಡೆಯ ಹಲಗೆಯನ್ನು ಎಲ್ಲಿ ನೆಡಬೇಕೆಂಬುದನ್ನು ಸಾರಿಗೆ ನಿಗಮವೊಂದೇ ನಿರ್ಧರಿಸದೆ, ಅರಣ್ಯ ಇಲಾಖೆಯೂ ಹಂಪಿಯ ಸುತ್ತಲಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಆಯಾ ಗ್ರಾಮ ಪಂಚಾಯಿತಿಯೂ ಕೂತು ಗುರುತಿಸಬೇಕಾದದ್ದು ಇದೇ ಕಾರಣಕ್ಕೆ. ಕಾಡಿನಂಚಿನಿಂದ ಆ ಹಲಗೆಗಿರುವ ದೂರವೇ ಆತಂಕಪಡುವವರಿಗೆ ಸಿಗಬೇಕಾದ ಖಾತ್ರಿ.